ತಿರುಗದೆ ಸವೆಯುವ ಗುಂಡುಗಳು

ಚಕ್ರದ ಬೇರಿಂಗು ದಿನಕ್ಕೆ ಸಾವಿರಾರು ಸುತ್ತು ತಿರುಗಿಯೂ ವರ್ಷಗಟ್ಟಲೆ ಬಾಳುತ್ತದೆ. ಹ್ಯಾಂಡಲ್ಲಿನ ಕೆಳಗಿನ ಬೇರಿಂಗು ಸುತ್ತು ತಿರುಗದೆಯೇ ಕೆಡುತ್ತದೆ! ಮಳೆಗಾಲ ಹಿಂದೆ ಸರಿದು ಆಯುಧಪೂಜೆ ಸಮೀಪಿಸಿರುವ ಈ ದಿನಗಳಲ್ಲಿ, ನಮ್ಮ ಸೈಕಲ್ಲುಗಳ ಕೊರಳೊಳಗೆ ಅಡಗಿರುವ ಸುಮಾರು ಐವತ್ತು ಉಕ್ಕಿನ ಗುಂಡುಗಳ ವೃತ್ತಾಂತ.

ಭಾದ್ರಪದದ ಮಳೆ ಇರುಳೆಲ್ಲ ಹೊಯ್ದು ಬೆಳಗಿನ ಜಾವಕ್ಕೆ ಹೊಳವಾದ ಒಂದು ದಿನ, ಮಣಿಪಾಲದ ಟೈಗರ್ ಸರ್ಕಲ್ಲಿನಿಂದ ಉಡುಪಿಯ ಕಡೆಗೆ ಇಳಿಯುವ ಹೆದ್ದಾರಿಯಲ್ಲಿ, ಲಕ್ಷ್ಮೀಂದ್ರನಗರವನ್ನು ದಾಟಿ ಇಂದ್ರಾಳಿಯ ರೈಲ್ವೆ ಸೇತುವೆ ಇನ್ನೇನು ಕಾಣಬೇಕೆನ್ನುವಷ್ಟರಲ್ಲಿ, ಇಪ್ಪತ್ತು ವರ್ಷಗಳಿಂದ ನನ್ನನ್ನು ಹೊತ್ತು ನಡೆದ ಕರಿಯ ಸೈಕಲ್ಲು ನನ್ನ ಕೈಯ ಮಾತನ್ನು ಕೇಳದಾಯಿತು.

ಬ್ರೇಕು ಸರಿಯಾಗಿಯೇ ಇತ್ತು. ಚಕ್ರಗಳು ಸಲೀಸಾಗಿ ಉರುಳುತ್ತಿದ್ದವು. ಆದರೆ ರಸ್ತೆಯ ಹೊಂಡವೊಂದನ್ನು ತಪ್ಪಿಸಲೆಂದು ಹ್ಯಾಂಡಲ್ಲನ್ನು ತುಸು ಎಡಕ್ಕೆ ಹೊರಳಿಸಹೊರಟರೆ ಅದು ಹೊರಳದು. ಇನ್ನಷ್ಟು ಒತ್ತಿದರೆ ಬೇಕಾದುದಕ್ಕಿಂತ ಹೆಚ್ಚಾಗಿ ಜಿಗಿದು ಹೊರಳುವುದು. ಮರಳಿ ನೇರಕ್ಕೆ ತಂದೆನೆಂದರೆ ಅಲ್ಲಿಯೇ ‘ಟಕ್’ ಎಂದು ಕಚ್ಚಿ ನಿಲ್ಲುವುದು. ಇಳಿಜಾರಿನಲ್ಲಿ ಬಸ್ಸುಗಳ ನಡುವೆ ಅತ್ತಿಂದಿತ್ತ ಓಲಾಡುತ್ತ ಹೋಗುವುದು ಕ್ಷೇಮವಲ್ಲವೆಂದು ಇಳಿದು, ಸೈಕಲ್ಲನ್ನು ತಳ್ಳಿಕೊಂಡೇ ಕುಂಜಿಬೆಟ್ಟಿನ ಒಳದಾರಿಯ ಒಂದು ಸೈಕಲ್ ಶಾಪಿಗೆ ತಂದು ನಿಲ್ಲಿಸಿದೆನು.

ಶಾಪಿನ ಹಿರಿಯರು ನನ್ನನ್ನು ಏನೂ ಕೇಳಲಿಲ್ಲ. ಎಡಗೈಯಿಂದ ಮುಂದಿನ ಚಕ್ರವನ್ನು ನೆಲದಿಂದ ಎತ್ತಿದರು. ಬಲಗೈಯ ಒಂದೇ ಬೆರಳಿನಿಂದ ಹ್ಯಾಂಡಲ್ಲನ್ನು ಮೆಲ್ಲನೆ ಸರಿಸಿದರು. ಅದು ನಡುಮಧ್ಯದಲ್ಲಿ ಕಚ್ಚಿಕೊಂಡ ಸಣ್ಣ ಸದ್ದನ್ನು ಕೇಳಿ ತಲೆಯಾಡಿಸಿದರು.

“ಕಪ್ಪಿಗೆ ಗುಳಿ ಬಿದ್ದುಂಟು ಮಾಷ್ಟ್ರೇ. ಫೋರ್ಕ್ ಬಿಚ್ಚಬೇಕು.”

ಎರಡು ಸ್ಪ್ಯಾನರುಗಳು ಹೊರಬಂದವು. ಮೇಲಿನ ನಟ್ಟು, ವಾಶರು, ಅದರ ಕೆಳಗಿನ ಕೋನು ಒಂದೊಂದಾಗಿ ಕಳಚಿದುವು. ಫೋರ್ಕನ್ನು ಕೆಳಕ್ಕೆ ಎಳೆದೊಡನೆ, ಕೆಳಗೆ ಹಿಡಿದಿದ್ದ ತಟ್ಟೆಯಲ್ಲಿ ಕಂದುಬಣ್ಣದ ಕೆಸರಿನೊಂದಿಗೆ ಗುಂಡುಗಳು ಉದುರಿದುವು. ಗ್ರೀಸಿನ ಸುಳಿವೇ ಇರಲಿಲ್ಲ. ಚಿಮಿಣಿ ಎಣ್ಣೆಯಲ್ಲಿ ತೊಳೆದ ಕೆಳಗಿನ ಕಪ್ಪನ್ನು, ಅಂದರೆ ಗುಂಡುಗಳು ಕೂರುವ ಬಟ್ಟಲನ್ನು, ಅವರು ಬೆಳಕಿಗೆ ಹಿಡಿದು ತೋರಿಸಿದರು: ಕನ್ನಡಿಯಂತೆ ನುಣುಪಾಗಿರಬೇಕಾದ ಉಕ್ಕಿನ ಓಣಿಯಲ್ಲಿ, ಒಂದರ ಪಕ್ಕದಲ್ಲೊಂದರಂತೆ, ಎಳ್ಳುಕಾಳಿನ ಗಾತ್ರದ ಗುಳಿಗಳ ಸಾಲು.

ಮುರಕಲ್ಲಿನ ಅಂಗಳವಿರುವ ಹಳೆಯ ಮನೆಗಳಲ್ಲಿ ಬೆಳೆದವರು ಇಂಥ ಸಾಲನ್ನು ಕಂಡಿರುತ್ತಾರೆ. ಹಂಚಿನ ಸೂರಿನಿಂದ ತೊಟ್ಟಿಕ್ಕುವ ಮಳೆನೀರು ಎಷ್ಟೋ ಆಷಾಢಗಳ ಕಾಲ ಬಿದ್ದ ಜಾಗಕ್ಕೇ ಬಿದ್ದು ನೆಲದಲ್ಲಿ ಕೊರೆದಿಡುವ ಗುಳಿಗಳ ಗೆರೆಯದು. ನನ್ನ ಸೈಕಲ್ಲಿನ ಕೊರಳಿನಲ್ಲಿ ಆದುದೂ ಬಹುಮಟ್ಟಿಗೆ ಅದೇ. ಅದನ್ನು ತಿಳಿಯಲು ಆ ಗುಂಡುಗಳು ಅಲ್ಲಿ ಏನು ಮಾಡುತ್ತಿದ್ದವೆಂಬುದನ್ನು ಮೊದಲು ತಿಳಿಯಬೇಕು.

ಕೊರಳೊಳಗೆ ಏನುಂಟು?
*ಸೈಕಲ್ಲಿನ ಚೌಕಟ್ಟಿನ ಮುಂದುಗಡೆ, ಕಂಪನಿಯ ಲಾಂಛನವನ್ನು ಅಂಟಿಸಿರುವ ಗಿಡ್ಡ ಕೊಳವೆಯೇ ಕೊರಳು. ಅದರ ಮೇಲ್ಬಾಯಿಗೊಂದು, ಕೆಳಬಾಯಿಗೊಂದು ಉಕ್ಕಿನ ಕಪ್ಪನ್ನು ಬಿಗಿಯಾಗಿ ಕೂರಿಸಿರುತ್ತಾರೆ. ಫೋರ್ಕಿನ ದಂಟು ಕೆಳಗಿನಿಂದ ತೂರಿ ಮೇಲಕ್ಕೆ ಬರುತ್ತದೆ. ಫೋರ್ಕಿನ ಹೆಗಲಮೇಲೆ ಒಂದು ಕೋನು. ದಂಟಿನ ತುದಿಯ ತಿರುಪಿಗೆ ಇನ್ನೊಂದು ಕೋನು. ಕಪ್ಪಿಗೂ ಕೋನಿಗೂ ನಡುವೆ ಗುಂಡುಗಳ ಬಳೆ. ಎಲ್ಲಕ್ಕೂ ಮೇಲೆ ವಾಶರು ಮತ್ತು ಬಿಗಿಯುವ ನಟ್ಟು. ಒಂದು ಅಂಗುಲದ ತಿರುಪಿನ ಫೋರ್ಕಿನಲ್ಲಿ ಸಾಮಾನ್ಯವಾಗಿ ಬಳಸುವ ಗುಂಡಿನ ಗಾತ್ರ 5/32 ಅಂಗುಲ, ಅಂದರೆ 4 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ.*

ಕಾರ್ಕಳದ ಕಡೆಯ ತೋಟದ ಮನೆಗಳಲ್ಲಿ, ಒಣಗಲೆಂದು ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ತಿಳಿಯದೆ ಕಾಲಿಟ್ಟವರಿಗೆ ಬೇರಿಂಗಿನ ತತ್ತ್ವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ನೆಲವೂ ಅಂಗಾಲೂ ನೇರವಾಗಿ ಒಂದನ್ನೊಂದು ಉಜ್ಜುವಾಗ ಇರತಕ್ಕ ತಡೆ, ನಡುವೆ ಉರುಳುವ ಕಾಯಿಗಳು ಬಂದೊಡನೆ ಮಾಯವಾಗುತ್ತದೆ. ಮನುಷ್ಯನು ಜಾರಿ ಬೀಳುತ್ತಾನೆ. ಉಜ್ಜುವಿಕೆಯನ್ನು ಉರುಳುವಿಕೆಯಾಗಿ ಮಾರ್ಪಡಿಸುವ ಈ ಒಂದು ಉಪಾಯದ ಮೇಲೆಯೇ ಜಗತ್ತಿನ ಗುಂಡಿನ ಬೇರಿಂಗುಗಳೆಲ್ಲ ನಿಂತಿವೆ.

ಉಪಾಯ ನಮ್ಮ ನೆಲಕ್ಕೆ ಅಪರಿಚಿತವಲ್ಲ. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ ಸುಮಾರು 42 ಅಡಿ ಎತ್ತರದ ಗೊಮ್ಮಟನ ಏಕಶಿಲಾ ವಿಗ್ರಹವನ್ನು ಗಾಲಿಗಳ ಬಂಡಿಯ ಮೇಲೆ ಬೆಟ್ಟಕ್ಕೆ ಏರಿಸಿದರೆಂಬ ಪ್ರತೀತಿ ಆ ಊರಿನಲ್ಲಿ ಬಲವಾಗಿದೆ. ಅಷ್ಟು ದೊಡ್ಡ ಕಲ್ಲನ್ನು ಎಳೆಯುವುದಕ್ಕೂ ಉರುಳಿಸುವುದಕ್ಕೂ ಇರುವ ಅಂತರವನ್ನು ಅಂದಿನವರ ರಟ್ಟೆಗಳು ಅರಿತಿದ್ದವು.

ಆದರೆ ಮುಂದಕ್ಕೆ ಉರುಳುವುದು ಒಂದು ವಿದ್ಯೆ, ಪಕ್ಕಕ್ಕೆ ತಿರುಗುವುದು ಮತ್ತೊಂದು. ಮಕರ ಸಂಕ್ರಾಂತಿಯಂದು ಉಡುಪಿಯ ರಥಬೀದಿಯಲ್ಲಿ ಮೂರು ತೇರುಗಳ ಉತ್ಸವವನ್ನು ನೋಡಲು ಹೋಗುವವರು, ಭಕ್ತಿಯಿಂದ ಕೈಮುಗಿದ ಮೇಲೆ, ಒಮ್ಮೆ ತೇರಿನ ಗಾಲಿಗಳ ಕಡೆಗೂ ಕಣ್ಣು ಹಾಯಿಸಬೇಕು. ತೇರಿನ ಅಚ್ಚು ಅಲುಗದು. ಅದಕ್ಕೆ ಸೈಕಲ್ಲಿನಂತೆ ತಿರುಗುವ ಕೊರಳಿಲ್ಲ. ಆದುದರಿಂದ ತಿರುವು ಬಂದಲ್ಲಿ, ಗಾಲಿಯ ಮುಂದೆ ಮರದ ಬೆಣೆಯನ್ನು ಒಡ್ಡಿ, ಒಂದು ಪಕ್ಕವನ್ನು ತಡೆದು ಇನ್ನೊಂದು ಪಕ್ಕವನ್ನು ಎಳೆದು, ಅಷ್ಟು ದೊಡ್ಡ ಭಾರವನ್ನು ಅಂಗುಲ ಅಂಗುಲವಾಗಿ ಹೊರಳಿಸುತ್ತಾರೆ. ಆ ಬೆಣೆ ಹಾಕುವವರ ಧೈರ್ಯವೂ ಕಣ್ಣಳತೆಯೂ ನಿಜವಾಗಿ ದೊಡ್ಡವು.

ಸೈಕಲ್ಲಿನ ಮೂಲಪುರುಷನೆನಿಸಿದ ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾನ್‌ಹೈಮ್ ನಗರದಲ್ಲಿ ಓಡಿಸಿದ ಮರದ ಗಾಡಿಗೆ ಪೆಡಲು ಇರಲಿಲ್ಲ, ಚೈನು ಇರಲಿಲ್ಲ; ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಬೇಕಿತ್ತು. ಆದರೂ ಅದನ್ನು ಸೈಕಲ್ಲೆಂದು ನಾವು ಒಪ್ಪುವುದು ಒಂದೇ ಕಾರಣಕ್ಕೆ: ಅದರ ಮುಂದಿನ ಚಕ್ರ ಅತ್ತಿತ್ತ ಹೊರಳುತ್ತಿತ್ತು. ಎರಡೇ ಚಕ್ರಗಳ ಮೇಲೆ ಮನುಷ್ಯನು ಬೀಳದೆ ಸಾಗಲು ಆ ಹೊರಳುವಿಕೆ ಸಾಕಾಯಿತು. ಮಿಕ್ಕುದೆಲ್ಲ ಆಮೇಲೆ ಬಂದುದು.

ಬೀಳದೆ ಸಾಗುವುದಕ್ಕೂ ಹೊರಳುವುದಕ್ಕೂ ಏನು ಸಂಬಂಧವೆಂದು ಕೇಳಬಹುದು. ಅಂಗೈಯ ಮೇಲೆ ಕೋಲನ್ನು ನಿಲ್ಲಿಸುವ ಹುಡುಗನನ್ನು ನೆನೆಯಿರಿ: ಕೋಲು ಯಾವ ಕಡೆಗೆ ವಾಲುವುದೋ ಆ ಕಡೆಗೇ ಅವನು ಅಂಗೈಯನ್ನು ಸರಿಸುತ್ತಾನೆ. ಸೈಕಲ್ಲೂ ಎಡಕ್ಕೆ ವಾಲಿದಾಗ ಅದರ ಮುಂದಿನ ಚಕ್ರ ತಾನೂ ಎಡಕ್ಕೆ ಹೊರಳಿ, ಬೀಳಲಿರುವ ಭಾರದ ಅಡಿಗೆ ಆಧಾರವನ್ನು ತಂದು ಒಡ್ಡುತ್ತದೆ. ನಾವು ಕಲಿತವರು ಇದನ್ನು ಅರಿಯದೆಯೇ ಮಾಡುತ್ತೇವೆ. ಅದರ ಅರ್ಧ ಕೆಲಸವನ್ನು ಸೈಕಲ್ಲು ತಾನೇ ಮಾಡಿಕೊಳ್ಳುತ್ತದೆ.

ತಾನೇ ಏಕೆ ಮಾಡಿಕೊಳ್ಳುತ್ತದೆಂಬ ಪ್ರಶ್ನೆ ವಿದ್ವಾಂಸರನ್ನು ಬಹುಕಾಲ ಕಾಡಿತು. ಚಕ್ರದ ಬುಗುರಿಯಂಥ ಗುಣವೇ ಕಾರಣವೆಂದು ಹಿಂದೆ ನಂಬಿದ್ದರು. 1970ರಲ್ಲಿ ಇಂಗ್ಲೆಂಡಿನ ಡೇವಿಡ್ ಜೋನ್ಸ್ ಆ ಗುಣವನ್ನು ಅಳಿಸಿಹಾಕಿದ ಸೈಕಲ್ಲನ್ನು ಕಟ್ಟಿ ಓಡಿಸಿ, ಅದೊಂದೇ ಕಾರಣವಲ್ಲವೆಂದು ತೋರಿಸಿದನು. ಕೊರಳಿನ ಓರೆಯ ಗೆರೆಯನ್ನು ನೆಲದವರೆಗೆ ಎಳೆದರೆ, ಅದು ಚಕ್ರ ನೆಲವನ್ನು ಮುಟ್ಟುವ ಬಿಂದುವಿಗಿಂತ ಕೆಲವು ಸೆಂಟಿಮೀಟರ್ ಮುಂದೆ ಬೀಳುತ್ತದೆ; ಈ ಅಂತರಕ್ಕೆ ಅವನು ಮಹತ್ತ್ವ ಕೊಟ್ಟನು. 2011ರಲ್ಲಿ ಹಾಲೆಂಡಿನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಕೂಡಿ, ಈ ಎರಡು ಗುಣಗಳೂ ಇಲ್ಲದೆ ತಾನೇ ನೆಟ್ಟಗೆ ಸಾಗುವ ಗಾಡಿಯೊಂದನ್ನು ಕಟ್ಟಿ, ಭಾರದ ಹಂಚಿಕೆಯೂ ಇದರಲ್ಲಿ ಪಾಲುದಾರನೆಂದು ತೋರಿಸಿದರು.

ಕಾರಣಗಳ ಕುರಿತು ಅವರೊಳಗೆ ವಾದವಿರಬಹುದು. ಆದರೆ ಒಂದು ವಿಷಯದಲ್ಲಿ ಎಲ್ಲರ ಗಾಡಿಗಳೂ ಒಂದೇ: ವಾಲಿದ ಕಡೆಗೆ ಹ್ಯಾಂಡಲ್ಲು ತಡೆಯಿಲ್ಲದೆ ಹೊರಳಬೇಕು. ಕೊರಳಿನ ಬೇರಿಂಗು ಬಿಗಿಯಾದರೆ ಅಥವಾ ಗುಳಿಬಿದ್ದು ಕಚ್ಚಿದರೆ ಸೈಕಲ್ಲಿನ ಈ ಸಹಜಬುದ್ಧಿ ಕುಂಠಿತವಾಗಿ, ಸವಾರನು ಪ್ರತಿಯೊಂದು ಕ್ಷಣವೂ ತಾನೇ ತಿದ್ದುತ್ತ, ತಿದ್ದಿದ್ದು ಹೆಚ್ಚಾಗಿ ಮತ್ತೆ ತಿದ್ದುತ್ತ, ಓಲಾಡಬೇಕಾಗುತ್ತದೆ. ಇಂದ್ರಾಳಿಯ ಇಳಿಜಾರಿನಲ್ಲಿ ನನಗಾದುದು ಇದು.

ಗುಂಡು ನಡೆದ ದಾರಿ
*1794: ವೇಲ್ಸಿನ ಫಿಲಿಪ್ ವಾನ್ ಗಾಡಿಯ ಅಚ್ಚಿಗೆ ಗುಂಡಿನ ಬೇರಿಂಗಿನ ಪೇಟೆಂಟು ಪಡೆದನು. 1869: ಪ್ಯಾರಿಸ್ಸಿನ ಜೂಲ್ ಸುರಿರೇ ಸೈಕಲ್ಲಿಗೆ ಗುಂಡಿನ ಬೇರಿಂಗನ್ನು ತಂದನು, ಅದೇ ವರ್ಷದ ನವೆಂಬರಿನಲ್ಲಿ ಜೇಮ್ಸ್ ಮೂರ್ ಅಂಥ ಬೇರಿಂಗಿನ ಗಾಡಿಯಲ್ಲಿ ಪ್ಯಾರಿಸ್ಸಿನಿಂದ ರೂವಾನ್ ನಗರದವರೆಗಿನ 123 ಕಿ.ಮೀ. ಸ್ಪರ್ಧೆಯನ್ನು ಗೆದ್ದನು. 1883: ಜರ್ಮನಿಯ ಶ್ವೈನ್‌ಫುರ್ಟ್‌ನಲ್ಲಿ ಫ್ರೀಡ್ರಿಕ್ ಫಿಷರ್ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರವನ್ನು ರೂಪಿಸಿದನು. ಅಗ್ಗದ ಗುಂಡು, ಅಗ್ಗದ ಸೈಕಲ್ಲು ಎರಡೂ ಅಲ್ಲಿಂದ ಮುಂದಿನ ಮಾತು.*

ಈಗ ಆ ಗುಂಡುಗಳ ದಿನಚರಿಯನ್ನು ನೋಡೋಣ. ಉಡುಪಿಯಿಂದ ಕಾರ್ಕಳಕ್ಕೆ ಸುಮಾರು 38 ಕಿ.ಮೀ. ಸುತ್ತಳತೆ ಎರಡೂಕಾಲು ಮೀಟರಿಗೆ ಸಮೀಪವಿರುವ 28 ಅಂಗುಲದ ಚಕ್ರವು ಅಷ್ಟು ದೂರ ಸಾಗಲು ಹದಿನೇಳು ಸಾವಿರ ಸುತ್ತುಗಳನ್ನು ತಿರುಗಬೇಕು. ಚಕ್ರದ ಅಚ್ಚಿನ ಗುಂಡುಗಳು ಅದರೊಂದಿಗೆ ತಾವೂ ಓಣಿಯುದ್ದಕ್ಕೂ ಓಡುತ್ತಲೇ ಇರುತ್ತವೆ. ಓಡುವಾಗ ಗ್ರೀಸನ್ನು ಮತ್ತೆ ಮತ್ತೆ ಮೈಗೆ ಬಳಿದುಕೊಳ್ಳುತ್ತವೆ. ಉಕ್ಕಿಗೂ ಉಕ್ಕಿಗೂ ನಡುವೆ ಎಣ್ಣೆಯ ತೆಳುಪರೆಯೊಂದು ಸದಾ ನಿಂತಿರುತ್ತದೆ.

ಕೊರಳಿನ ಗುಂಡಿನ ಬಾಳು ಬೇರೆ. ನೇರ ರಸ್ತೆಯಲ್ಲಿ ಹ್ಯಾಂಡಲ್ಲು ಎಡಬಲಕ್ಕೆ ಒಂದೆರಡು ಡಿಗ್ರಿ ಹೊರಳಿದರೆ ಹೆಚ್ಚು. ಐದು ಡಿಗ್ರಿಯೆಂದೇ ಇಟ್ಟುಕೊಳ್ಳೋಣ. ಗುಂಡುಗಳ ಬಳೆಯ ಅಡ್ಡಳತೆ 32 ಮಿ.ಮೀ. ಆದರೆ, ಐದು ಡಿಗ್ರಿಗೆ ಕೋನು ಸರಿಯುವುದು 1.4 ಮಿ.ಮೀ.; ಗುಂಡು ಅದರ ಅರ್ಧದಷ್ಟು, 0.7 ಮಿ.ಮೀ. ಮಾತ್ರ ಸರಿಯುತ್ತದೆ. ತನ್ನ ಒಂದು ಪೂರ್ಣ ಸುತ್ತಿನ ಸುಮಾರು ಹದಿನೆಂಟನೆಯ ಒಂದು ಪಾಲಷ್ಟೇ ಅದು ಉರುಳುತ್ತದೆ. ಅಷ್ಟರಲ್ಲಿ ಮರಳಿ ಬಂದ ಜಾಗಕ್ಕೇ ಬರುತ್ತದೆ. ಕಾರ್ಕಳದವರೆಗೂ ಅದಕ್ಕೆ ಇದೇ ಕಾಯಕ.

ಭಾರವೋ, ಅದಕ್ಕೆ ರಿಯಾಯಿತಿಯಿಲ್ಲ. ಸವಾರನ ತೂಕದಲ್ಲಿ ಮುಂದಿನ ಚಕ್ರಕ್ಕೆ ಸೇರುವ ಪಾಲೆಲ್ಲವೂ ಚೌಕಟ್ಟಿನಿಂದ ಫೋರ್ಕಿಗೆ ಇಳಿಯುವುದು ಕೆಳಗಿನ ಕಪ್ಪಿನ ಮೂಲಕವೇ. ಮೇಲಿನ ಕಪ್ಪಿಗೆ ಈ ಹೊರೆ ಇಲ್ಲ. ದಂಟು ಹಿಂದಕ್ಕೂ ಮುಂದಕ್ಕೂ ವಾಲದಂತೆ ಹಿಡಿಯುವುದಷ್ಟೇ ಅದರ ಕೆಲಸ. ಮುಂದಿನ ಬ್ರೇಕು ಹಿಡಿದಾಗ ಚಕ್ರ ಹಿಂದಕ್ಕೆ ಒತ್ತಲ್ಪಟ್ಟು, ಫೋರ್ಕು ಸನ್ನೆಗೋಲಿನಂತೆ ಕೆಳಗಿನ ಕಪ್ಪಿನ ಹಿಂಬದಿಯನ್ನೂ ಮೇಲಿನ ಕಪ್ಪಿನ ಮುಂಬದಿಯನ್ನೂ ನೂಕುತ್ತದೆ. ಕೆಟ್ಟ ಕೊರಳುಗಳಲ್ಲಿ ಕೆಳಗಿನ ಕಪ್ಪೇ ಮೊದಲು ಹಾಳಾಗಿರುವುದು ಈ ಕಾರಣದಿಂದ.

ಆ ಗುಳಿಗಳನ್ನು ಕಂಡ ಯಾರಾದರೂ ಸಹಜವಾಗಿ ಊಹಿಸುವುದು, ಹೊಂಡಕ್ಕೆ ಬಿದ್ದ ಪೆಟ್ಟಿಗೆ ಗುಂಡುಗಳು ಉಕ್ಕನ್ನು ಜಜ್ಜಿ ಗುಳಿಮಾಡಿವೆಯೆಂದು. ಉಕ್ಕಿನ ಗಡಸನ್ನು ಅಳೆಯಲು ಗುಂಡನ್ನು ಒತ್ತಿ ಗುಳಿಯನ್ನು ಅಳೆಯುವ ಪರೀಕ್ಷೆಯನ್ನು 1900ರಲ್ಲಿ ಪ್ರಚುರಪಡಿಸಿದ ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್‌ನ ಹೆಸರನ್ನೇ ಎಂಜಿನಿಯರರು ಈ ಬಗೆಯ ಜಜ್ಜುಗುಳಿಗೆ ಇಟ್ಟಿದ್ದಾರೆ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆನು. ನಮ್ಮ ರಸ್ತೆಗಳ ಹೊಂಡಗಳು ಆ ನಂಬಿಕೆಗೆ ಬೇಕಾದಷ್ಟು ಪುಷ್ಟಿಯನ್ನೂ ಕೊಡುತ್ತಿದ್ದವು.

ವಾಸ್ತವ ಬೇರೆಯದು. ಸೈಕಲ್ಲು ಓಡುವಾಗ ಫೋರ್ಕಿನ ಹೆಗಲು ಪ್ರತಿಯೊಂದು ಕಲ್ಲಿಗೂ ಕಣ್ಣಿಗೆ ಕಾಣದಷ್ಟು ಹಿಂದುಮುಂದಾಗಿ ಬಾಗಿ ಚಿಮ್ಮುತ್ತದೆ. ಹ್ಯಾಂಡಲ್ಲು ನೇರವಿರುವಾಗ ಗುಂಡುಗಳು ಒಂದೇ ಜಾಗದಲ್ಲಿ ನಿಂತು ಈ ನಡುಕವನ್ನು ತಾಳಬೇಕು. ಉರುಳದ ಗುಂಡಿನ ಅಡಿಯಿಂದ ಗ್ರೀಸು ಮೆಲ್ಲನೆ ಹಿಂಡಿಹೋಗುತ್ತದೆ. ಹೋದುದು ಮರಳಿ ಬಾರದು. ಬರಿಯ ಉಕ್ಕು ಬರಿಯ ಉಕ್ಕನ್ನು ಕಂಪನದಲ್ಲಿ ತಿಕ್ಕಿದಾಗ ಏಳುವ ಸೂಕ್ಷ್ಮ ಪುಡಿ ಗಾಳಿ ತಾಗಿ ಕಂದು ತುಕ್ಕಾಗುತ್ತದೆ, ಮತ್ತು ಆ ತುಕ್ಕೇ ಸಾಣೆಕಲ್ಲಿನ ಪುಡಿಯಂತೆ ಉಕ್ಕನ್ನು ಇನ್ನಷ್ಟು ತಿನ್ನುತ್ತದೆ. ತಟ್ಟೆಯಲ್ಲಿ ಉದುರಿದ ಕಂದು ಕೆಸರು ಹೊರಗಿನ ಮಣ್ಣಷ್ಟೇ ಆಗಿರಲಿಲ್ಲ; ಅರ್ಧ ನನ್ನ ಕಪ್ಪಿನದೇ ಉಕ್ಕು!

ಸಾಕ್ಷ್ಯವೂ ಇದೆ. ಇಂಥ ಕಪ್ಪನ್ನು ಚೆನ್ನಾಗಿ ತೊಳೆದು ನೋಡಿದರೆ, ಫೋರ್ಕು ಬಾಗುವ ದಿಕ್ಕಾದ ಮುಂದೆ ಮತ್ತು ಹಿಂದೆ ಗುಳಿಗಳು ಆಳವಾಗಿಯೂ ಎಡಬಲಗಳಲ್ಲಿ ತೆಳುವಾಗಿಯೂ ಇರುತ್ತವೆ. ಮೋಟಾರು ಕಾರುಗಳನ್ನು ಹಿಂದೆ ರೈಲಿನಲ್ಲಿ ದೂರದ ಊರುಗಳಿಗೆ ಸಾಗಿಸುತ್ತಿದ್ದಾಗ, ಒಂದು ಸುತ್ತೂ ತಿರುಗದ ಅವುಗಳ ಚಕ್ರದ ಬೇರಿಂಗುಗಳು ಇಳಿಸುವ ಹೊತ್ತಿಗೆ ಗುಳಿಬಿದ್ದಿರುತ್ತಿದ್ದುವು. ಓಡದೆ ನಿಂತಲ್ಲಿಯೇ ನಡುಗಿದ್ದೇ ಅವುಗಳಿಗೆ ಆದ ಕೇಡು.

ಈ ಮಾತನ್ನು ಕುಂಜಿಬೆಟ್ಟಿನ ಹಿರಿಯರಿಗೆ ಹೇಳಿದಾಗ ಅವರು ಅಚ್ಚರಿಪಡಲಿಲ್ಲ. “ಗ್ರೀಸ್ ಇದ್ದ ಫೋರ್ಕಿಗೆ ಹೊಂಡದಿಂದ ಏನೂ ಆಗುವುದಿಲ್ಲ ಮಾಷ್ಟ್ರೇ, ಗ್ರೀಸ್ ಹೋದ್ದಕ್ಕೇ ಗುಳಿ ಬೀಳುವುದು,” ಎಂದರು. ಅದಕ್ಕೆ ಅವರಲ್ಲಿ ಒಂದು ಮದ್ದೂ ಇತ್ತು. ಹೊಸ ಕಪ್ಪು ಕೂಡಲೇ ಸಿಕ್ಕದಿದ್ದರೆ, ಜಾಲರಿಯಲ್ಲಿ ಪೋಣಿಸಿದ ಗುಂಡುಗಳನ್ನು ಎಸೆದು ಬಿಡಿ ಗುಂಡುಗಳನ್ನು ತುಂಬುವುದು. ಆಗ ಗುಂಡುಗಳ ಸಂಖ್ಯೆ ಬದಲಾಗಿ, ಅವೆಲ್ಲವೂ ಏಕಕಾಲಕ್ಕೆ ಹಳೆಯ ಗುಳಿಗಳಲ್ಲಿ ಕೂರಲಾರವು. ಹ್ಯಾಂಡಲ್ಲು ಕಚ್ಚುವುದು ನಿಲ್ಲುತ್ತದೆ. ಲೆಕ್ಕದ ಈ ಸೊಗಸನ್ನು ಪುಸ್ತಕವಿಲ್ಲದೆ ಕೈಯಿಂದ ಕಂಡುಕೊಂಡ ಕುಶಲತೆಗೆ ನಾನು ತಲೆಬಾಗುತ್ತೇನೆ.

ಬಿಡಿ ಗುಂಡುಗಳನ್ನು ತುಂಬುವಾಗ ಅವರು ಪಾಲಿಸಿದ ಇನ್ನೊಂದು ನಿಯಮವನ್ನೂ ಹೇಳಬೇಕು. ಕಪ್ಪಿಗೆ ಗ್ರೀಸನ್ನು ದಪ್ಪನಾಗಿ ಬಳಿದು, ಅದರಲ್ಲಿ ಗುಂಡುಗಳನ್ನು ಒಂದೊಂದಾಗಿ ಒತ್ತಿ ಕೂರಿಸುತ್ತ ಬಂದು, ಬಳೆ ಪೂರ್ತಿಯಾದ ಮೇಲೆ ಒಂದನ್ನು ಹೊರತೆಗೆದರು. ಒಂದು ಗುಂಡಿನಷ್ಟು ತೆರಪು ಇಲ್ಲದಿದ್ದರೆ ಗುಂಡುಗಳು ಒಂದನ್ನೊಂದು ಉಜ್ಜಿ ಸಿಕ್ಕಿಕೊಳ್ಳುತ್ತವೆ.

ನಮ್ಮ ಕರಾವಳಿಯಲ್ಲಿ ಈ ಬೇರಿಂಗಿಗೆ ಬಾಧೆ ಹೆಚ್ಚು. ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ ಹೊಯ್ಯುವ ಉಡುಪಿಯ ಸೀಮೆಯಲ್ಲಿ, ಮುಂದಿನ ಚಕ್ರ ರಸ್ತೆಯ ನೀರನ್ನು ಎತ್ತಿ ನೇರವಾಗಿ ಕೆಳಗಿನ ಕಪ್ಪಿನ ಬಾಯಿಗೇ ಚಿಮ್ಮಿಸುತ್ತದೆ. ಮುರಕಲ್ಲಿನ ಕೆಂಪು ಹುಡಿಯೂ ಅದರೊಂದಿಗೆ ಒಳಸೇರುತ್ತದೆ. ಮಡ್ಗಾರ್ಡು ಇಲ್ಲದ ಹೊಸ ಮಾದರಿಯ ಸೈಕಲ್ಲುಗಳಿಗೆ ಈ ಅಭಿಷೇಕ ಪೂರ್ಣವಾಗಿಯೇ ಆಗುತ್ತದೆ. ಕಪ್ಪು ಬಣ್ಣದ ಹಳೆಯ ಸೈಕಲ್ಲಿನ ಅಗಲವಾದ ಮಡ್ಗಾರ್ಡನ್ನು ಹಳಬರ ವೇಷವೆಂದು ಕಿತ್ತೆಸೆಯುವ ಹುಡುಗರು, ಅದು ಬಟ್ಟೆಯನ್ನಷ್ಟೇ ಅಲ್ಲ, ಬೇರಿಂಗನ್ನೂ ಕಾಯುತ್ತಿತ್ತೆಂಬುದನ್ನು ತಿಳಿಯಬೇಕು.

ಕಾಪುವಿನ ಕಡಲದಂಡೆಯ ಸೈಕಲ್ಲುಗಳ ಸ್ಥಿತಿ ಇನ್ನೂ ಶೋಚನೀಯ. 1901ರಿಂದ ಅಲ್ಲಿಯ ಬಂಡೆಯ ಮೇಲೆ ನಿಂತ ದೀಪಸ್ತಂಭದ ಬುಡದಲ್ಲಿ ಅರ್ಧ ತಾಸು ನಿಂತವರ ಕನ್ನಡಕದ ಗಾಜಿನ ಮೇಲೆ ಉಪ್ಪಿನ ಮಂಜು ಕೂರುವುದನ್ನು ನೋಡಿದರೆ ಸಾಕು, ಆ ಗಾಳಿ ಉಕ್ಕಿಗೆ ಏನು ಮಾಡೀತೆಂಬುದು ಊಹೆಗೆ ಬರುತ್ತದೆ. ಉಪ್ಪು ನೀರಿನ ತೇವವನ್ನು ಹಿಡಿದಿಟ್ಟು ತುಕ್ಕಿನ ಕೆಲಸವನ್ನು ಚುರುಕುಗೊಳಿಸುತ್ತದೆ. ಇಂಥಲ್ಲಿ ನೀರಿಗೆ ಸುಲಭವಾಗಿ ತೊಳೆದುಹೋಗದ ಗ್ರೀಸನ್ನೇ ಕೇಳಿ ಹಾಕಿಸಬೇಕು. ತೆಳ್ಳನೆಯ ಎಣ್ಣೆಯ ನಾಲ್ಕು ಹನಿ ಇಲ್ಲಿ ವ್ಯರ್ಥ, ಅದು ಇದ್ದ ಗ್ರೀಸನ್ನೂ ಕರಗಿಸಿ ಹೊರತರುತ್ತದೆ.

ಮನೆಯಲ್ಲಿಯೇ ಪರೀಕ್ಷೆ
*ಮುಂದಿನ ಬ್ರೇಕನ್ನು ಬಿಗಿಹಿಡಿದು ಸೈಕಲ್ಲನ್ನು ಹಿಂದೆಮುಂದೆ ಅಲುಗಿಸಿ. ಇನ್ನೊಂದು ಕೈಯ ಬೆರಳು ಕಪ್ಪಿನ ಸಂದಿಯ ಮೇಲಿರಲಿ. ‘ಕಟ್ ಕಟ್’ ಎಂದರೆ ಸಡಿಲ. ಇನ್ನು, ಮುಂದಿನ ಚಕ್ರವನ್ನು ನೆಲದಿಂದೆತ್ತಿ ಚೌಕಟ್ಟನ್ನು ತುಸು ವಾಲಿಸಿ; ಹ್ಯಾಂಡಲ್ಲು ತಾನಾಗಿಯೇ ಆ ಕಡೆಗೆ ಹೊರಳಬೇಕು. ಹೊರಳದಿದ್ದರೆ ಬಿಗಿ. ನಡುವಿನಲ್ಲಿ ಕಚ್ಚಿ ನಿಂತರೆ ಗುಳಿ ಬಿದ್ದಿದೆ. ಅದನ್ನು ನಟ್ಟು ಸಡಿಲಿಸಿ ಗುಣಪಡಿಸಲಾಗದು.*

ಬಿಗಿಯುವುದೂ ಒಂದು ಹದ. ಕೋನನ್ನು ಕೈಯಿಂದಲೇ ತಿರುಗಿಸುತ್ತ, ಅಲುಗಾಟ ನಿಂತ ಕ್ಷಣದಲ್ಲಿ ನಿಲ್ಲಬೇಕು. ಆಮೇಲೆ ಒಂದು ಸ್ಪ್ಯಾನರಿನಿಂದ ಕೋನನ್ನು ಹಿಡಿದುಕೊಂಡು ಇನ್ನೊಂದರಿಂದ ಮೇಲಿನ ನಟ್ಟನ್ನು ಬಿಗಿಯಬೇಕು. ಒಂದೇ ಸ್ಪ್ಯಾನರಿನಿಂದ ಬಿಗಿದರೆ ನಟ್ಟಿನೊಂದಿಗೆ ಕೋನೂ ತಿರುಗಿ ಗುಂಡುಗಳನ್ನು ಹಿಂಡುತ್ತದೆ. ಸಡಿಲ ಬಿಟ್ಟರೆ ಗುಂಡುಗಳ ಮೇಲೆ ಬಡಿತ; ಬಿಗಿ ಮಾಡಿದರೆ ಗ್ರೀಸಿಗೆ ಜಾಗವಿಲ್ಲ. ಹಿಂದೊಮ್ಮೆ ಬೇರೊಂದು ಊರಿನಲ್ಲಿ, ಅಲುಗಾಟವೊಂದೇ ದೋಷವೆಂದು ಬಗೆದವರಿಂದ ನನ್ನ ಸೈಕಲ್ಲಿನ ಕೊರಳನ್ನು ಉಸಿರು ಕಟ್ಟುವಷ್ಟು ಬಿಗಿಯಿಸಿಕೊಂಡು ಬಂದಿದ್ದೆನು. ಇಂದಿನ ಗುಳಿಗಳಿಗೆ ಅಂದೇ ಅಂಕುರಾರ್ಪಣೆಯಾಗಿತ್ತೆಂದು ಈಗ ತೋರುತ್ತದೆ.

ಮಣಿಪಾಲದ ಕಾಲೇಜುಗಳ ವಿದ್ಯಾರ್ಥಿಗಳು ಓಡಿಸುವ ಗೇರಿನ ಸೈಕಲ್ಲುಗಳಲ್ಲಿ ಬಹಳಷ್ಟಕ್ಕೆ ತಿರುಪಿನ ಕೋನು ಇಲ್ಲ. 1990ರ ದಶಕದಿಂದ ಹರಡಿದ ಹೊಸ ಕ್ರಮದಲ್ಲಿ ಫೋರ್ಕಿನ ದಂಟು ನುಣುಪಾಗಿದ್ದು, ಹ್ಯಾಂಡಲ್ಲಿನ ಕುತ್ತಿಗೆಯೇ ಅದನ್ನು ಹೊರಗಿನಿಂದ ಹಿಡಿದು ಬೇರಿಂಗನ್ನು ಕಾಯುತ್ತದೆ. ಮೇಲಿನ ಮುಚ್ಚಳದ ಬೋಲ್ಟು ಒತ್ತಡವನ್ನು ಹೊಂದಿಸುವುದಕ್ಕೆ ಮಾತ್ರ. ಹಿಡಿತ ಪಕ್ಕದ ಬೋಲ್ಟುಗಳದು. ಪಕ್ಕದವನ್ನು ಸಡಿಲಿಸದೆ ಮೇಲಿನದನ್ನು ಎಷ್ಟು ಬಿಗಿದರೂ ಅಲುಗಾಟ ನಿಲ್ಲದು, ಬೋಲ್ಟು ಮಾತ್ರ ಕೆಟ್ಟೀತು. ಮೊದಲು ಪಕ್ಕದವನ್ನು ಸಡಿಲಿಸಿ, ಮೇಲಿನದನ್ನು ಹದಕ್ಕೆ ತಂದು, ಕೊನೆಗೆ ಪಕ್ಕದವನ್ನು ಬಿಗಿಯಬೇಕು.

ಇಂಥ ಸೈಕಲ್ಲುಗಳಲ್ಲಿ ಒಳ್ಳೆಯವುಗಳಿಗೆ ಬಿಡಿ ಗುಂಡಿನ ಬದಲು ಮುಚ್ಚಿದ ಬಳೆಯಂಥ ಬೇರಿಂಗು ಇರುತ್ತದೆ. ಅದು ಓರೆಯಾದ ಪೀಠದ ಮೇಲೆ ಕೂತಿರುವುದರಿಂದ, ಫೋರ್ಕಿನ ಸಣ್ಣ ಓಲಾಟವನ್ನು ಆ ಪೀಠವೇ ತಾಳಿಕೊಂಡು, ಗುಂಡುಗಳಿಗೆ ಉರುಳುವ ಕೆಲಸವನ್ನಷ್ಟೇ ಉಳಿಸುತ್ತದೆ. ಗುಳಿಬೀಳುವ ರೋಗದ ಮೂಲವನ್ನು ಅರಿತು ಮಾಡಿದ ಚಿಕಿತ್ಸೆಯಿದು. ಕೆಟ್ಟರೆ ಬಳೆಯನ್ನೇ ತೆಗೆದು ಹೊಸದನ್ನು ಹಾಕಬಹುದು. ಆದರೆ ಬೆಲೆಯಲ್ಲಿಯೂ ಹಳ್ಳಿಯ ಶಾಪಿನಲ್ಲಿ ಸಿಕ್ಕುವ ಸೌಲಭ್ಯದಲ್ಲಿಯೂ ಬಿಡಿ ಗುಂಡೇ ಮೇಲೆಂದು ನನ್ನ ಮತ.

ಈ ಸೀಮೆಯ ಬದುಕನ್ನು ಸೈಕಲ್ಲು ಎಷ್ಟು ಹೊತ್ತಿದೆಯೆಂದು ನೆನೆದರೆ ಮನಸ್ಸು ತುಂಬುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಗೆ ಸಂಗ್ರಹಕಾರರು ಎರಡೆರಡು ಆಣೆಯನ್ನು ಮನೆಬಾಗಿಲಿಗೆ ಹೋಗಿ ಕೂಡಿಸಿದರು. ಅವರ ಸೈಕಲ್ಲಿನ ಗಂಟೆಗಾಗಿ ಕಾದ ಮನೆಗಳು ಎಷ್ಟೋ. 1970ರಿಂದ ಮಣಿಪಾಲದಲ್ಲಿ ಅಚ್ಚಾಗುವ ‘ಉದಯವಾಣಿ’ ಪತ್ರಿಕೆಯನ್ನು ನಸುಕಿನಲ್ಲಿ ಮನೆಮನೆಗೆ ಎಸೆದ ಹುಡುಗರು, ಕ್ಯಾರಿಯರಿನ ಪೆಟ್ಟಿಗೆಯಲ್ಲಿ ಬೂತಾಯಿ ಬಂಗುಡೆಗಳನ್ನು ಹೊತ್ತು ಹಾರ್ನು ಒತ್ತುತ್ತ ಒಳನಾಡಿಗೆ ಹೋದ ಮೀನಿನವರು, ಇವರೆಲ್ಲರ ದಿನದ ಅನ್ನ ಎರಡು ಕಪ್ಪುಗಳ ನಡುವಿನ ಗುಂಡುಗಳ ಮೇಲೆ ಸಾಗಿತು.

2006-07ರಲ್ಲಿ ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲನ್ನು ಕೊಡತೊಡಗಿದಾಗ, ಕಿಲೋಮೀಟರುಗಟ್ಟಲೆ ನಡೆಯುತ್ತಿದ್ದ ಹೆಣ್ಣುಮಕ್ಕಳು ಸೈಕಲ್ಲೇರಿ ಬಂದುದನ್ನು ಕಂಡ ಹಿರಿಯರಲ್ಲಿ ನಾನೂ ಒಬ್ಬನು. ಅವುಗಳಲ್ಲಿ ಎಷ್ಟೋ ಸೈಕಲ್ಲುಗಳು ಇಂದು ಕೊಟ್ಟಿಗೆಯ ಗೋಡೆಗೆ ಒರಗಿ, ಕೊರಳು ತುಕ್ಕುಹಿಡಿದು ನಿಂತಿವೆ. ಅವುಗಳಲ್ಲಿ ಬಹುಪಾಲಿಗೆ ಬೇಕಾಗಿರುವುದು ಒಂದು ತಾಸಿನ ಕೆಲಸ, ಒಂದು ಹಿಡಿ ಗುಂಡು, ಒಂದಿಷ್ಟು ಗ್ರೀಸು.

ನನ್ನ ಸೈಕಲ್ಲಿಗೂ ಅಷ್ಟೇ ಸಾಕಾಯಿತು. ಕೆಳಗಿನ ಕಪ್ಪನ್ನೂ ಅದರ ಕೋನನ್ನೂ ಬದಲಾಯಿಸಿದರು. ಹಿರಿಯರು ಮತ್ತೆ ಮುಂದಿನ ಚಕ್ರವನ್ನೆತ್ತಿ ಚೌಕಟ್ಟನ್ನು ವಾಲಿಸಿದರು. ಹ್ಯಾಂಡಲ್ಲು ಸದ್ದಿಲ್ಲದೆ, ಬಾಳೆಯೆಲೆ ಗಾಳಿಗೆ ತೂಗಿದಂತೆ, ತಾನಾಗಿಯೇ ಹೊರಳಿತು. ಕಲ್ಸಂಕದವರೆಗೆ ಮಿಕ್ಕ ದಾರಿಯನ್ನು ನಾನು ಬೆರಳ ತುದಿಗಳಿಂದಲೇ ನಡೆಸಿಕೊಂಡು ಹೋದೆನು.

ಆಯುಧಪೂಜೆಯ ಬೆಳಗ್ಗೆ ಸೈಕಲ್ಲಿಗೆ ಪೈಪಿನ ನೀರನ್ನು ರಭಸದಿಂದ ಹಾಯಿಸಿ ತೊಳೆಯುವುದು ನಮ್ಮಲ್ಲಿ ವಾಡಿಕೆ. ಆ ನೀರು ನಾಲ್ಕು ತಿಂಗಳ ಮಳೆ ಒಳನುಗ್ಗಿಸಲಾರದೆ ಹೋದ ಮಣ್ಣನ್ನೂ ಕಪ್ಪಿನೊಳಕ್ಕೆ ನುಗ್ಗಿಸುತ್ತದೆ. ಈ ವರ್ಷ ಒದ್ದೆ ಬಟ್ಟೆಯಿಂದ ಒರೆಸಿ; ಚೆಂಡುಹೂವಿನ ಮಾಲೆ ಹಾಕುವುದಕ್ಕೆ ಒಂದು ದಿನ ಮೊದಲು ಸೈಕಲ್ಲನ್ನು ನಿಮ್ಮ ಊರಿನ ಶಾಪಿಗೆ ಕೊಂಡುಹೋಗಿ, ಫೋರ್ಕ್ ಬಿಚ್ಚಿಸಿ, ಚಿಮಿಣಿ ಎಣ್ಣೆಯಲ್ಲಿ ತೊಳೆಸಿ, ಹೊಸ ಗ್ರೀಸ್ ಹಾಕಿಸಿ ತನ್ನಿರಿ.